ಹಗಲು ಮಲಗುವ ಮನೆ

ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಹಿಮ್ಮಡಿ ಊರಿ ನಡೆಯುತ್ತಿರಲಿಲ್ಲ. ಯಜಮಾನ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಉರಿಯುವ ಒಲೆಯ ಮುಂದೆ ನಿಂತು ತಟ್ಟೆಗಳನ್ನು ಒಳಗೆ ತಳ್ಳುವುದು, ಹೊರಗೆ ಎಳೆಯುವುದು ಅವನ ಕೆಲಸ. ಬೀದಿಯೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಮೈತುಂಬ ಹಿಟ್ಟಿನ ವಾಸನೆ ಹೊತ್ತು ಬಂದು, ಎರಡು ತುತ್ತು ತಿಂದು, ಕಿಟಕಿಗೆ ಕಂಬಳಿ ಬಿಗಿದ ಕೋಣೆಯಲ್ಲಿ ಬಿದ್ದುಕೊಂಡನೆಂದರೆ ಬಿಸಿಲು ಇಳಿಯುವವರೆಗೆ ಆ ಬಾಗಿಲು ತೆರೆಯಕೂಡದು. ಕುಕ್ಕರ್ ಕೂಗುವುದಿದ್ದರೆ ಅವನು ಬರುವ ಮೊದಲೇ ಕೂಗಿ ಮುಗಿಸಬೇಕು. ತೊಳೆದ ಪಾತ್ರೆಯನ್ನು ಹಳೆ ಟವೆಲಿನ ಮೇಲೇ ಇಡಬೇಕು. ಕುರ್ಚಿಯನ್ನು ಎಳೆಯಬಾರದು, ಎತ್ತಬೇಕು. ಸೀನು ಬಂದರೆ ದಿಂಬಿಗೆ ಮುಖ ಒತ್ತಿ ಸೀನಬೇಕು.

ಈ ಕಾನೂನುಗಳನ್ನೆಲ್ಲ ಮಾಡಿದವಳು ಅತ್ತೆ. ಮಗ ಒಂದು ದಿನವೂ ಹೀಗೆ ಮಾಡಿ ಎಂದು ಕೇಳಿದವನಲ್ಲ, ಬೇಡವೆಂದೂ ಹೇಳಿದವನಲ್ಲ. ಆದರೆ ಮನೆ ನಡೆಯುವುದು ಅವನ ನಿದ್ದೆಯ ಮೇಲೆ ಎಂದು ಅತ್ತೆ ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಆ ಕೋಣೆಯ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ತುಟಿಯ ಮೇಲೆ ಬೆರಳಿಡುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಅಂಗಡಿಯಲ್ಲಿ ತರಕಾರಿ ಕೊಳ್ಳುವಾಗಲೂ ಬೆರಳು ತಾನಾಗಿ ಅಲ್ಲಿಗೆ ಹೋಗಿಬಿಡುತ್ತಿತ್ತು.

ಸೊಸೆ ದುಡಿಯುತ್ತಿದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ದೊಡ್ಡ ಉರುಳೆಗಳ ನಡುವೆ ಹಾಸಿಗೆ ಬಟ್ಟೆ ತೂರಿಸಿ ಇಸ್ತ್ರಿ ಮಾಡುವ ಯಂತ್ರ ಅವಳದು. ಅಲ್ಲಿನ ಗದ್ದಲಕ್ಕೆ ಪಕ್ಕದವಳ ಹತ್ತಿರ ಚೂರು ಸೋಪು ಕೇಳಬೇಕಾದರೂ ಗಂಟಲು ಹರಿದುಕೊಳ್ಳಬೇಕು. ದಿನವಿಡೀ ಹಾಗೆ ಕಿರುಚಿ ಮನೆಗೆ ಬಂದು ಹೊಸ್ತಿಲಲ್ಲಿ ಚಪ್ಪಲಿ ಕಳಚುವಾಗಲೇ ದನಿಯನ್ನೂ ಕಳಚಿಡಬೇಕಿತ್ತು. ಅವಳ ಸಿಟ್ಟು ಮೊದಲಿಂದಲೂ ಮೂಗಿನ ತುದಿಯಲ್ಲಿರುವಂಥದ್ದು. ಪಿಸುಗುಟ್ಟುತ್ತ ಬಾಳುವ ಮನೆಗೆ ಅಂಥವಳು ಸೊಸೆಯಾಗಿ ಬಂದದ್ದು ಯಾರ ಪುಣ್ಯವೋ ಗೊತ್ತಿಲ್ಲ.

ಇವರ ನಡುವೆ ಒಂದು ಹೆಣ್ಣುಮಗು, ಒಂಬತ್ತು ವರ್ಷದ್ದು. ಹುಟ್ಟಿದಾಗ ಅಂಗೈಯಷ್ಟಿತ್ತೆಂದು ಗುಬ್ಬಿ ಎಂದು ಕರೆದಿದ್ದರು. ಈಗ ಗುಬ್ಬಿ ಮೂರನೇ ಮಹಡಿಯ ಮನೆಗೆ ಹತ್ತಬೇಕಾದರೆ ನಡುವೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳಬೇಕಿತ್ತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಮಗು ತೆವಳಲು ಕಲಿತಾಗಿನಿಂದ ಅತ್ತೆಯ ಹತ್ತಿರ ಇದ್ದದ್ದು ಒಂದೇ ಮದ್ದು. ಬಾಯಿಂದ ಸದ್ದು ಹೊರಡುವ ಮೊದಲು ಆ ಬಾಯಿಗೊಂದು ಬನ್ನು. ಕಾರ್ಖಾನೆಯಲ್ಲಿ ಆಕಾರ ಕೆಟ್ಟವನ್ನು ಮಗ ದಿನಾ ಚೀಲದಲ್ಲಿ ತರುತ್ತಿದ್ದನಲ್ಲ, ಮನೆಯಲ್ಲಿ ಅದಕ್ಕೇನು ಬರ. ಬನ್ನು ಮುಗಿದರೆ ದನಿ ತೆಗೆದಿಟ್ಟ ಮೊಬೈಲು. ಓಡಬೇಡ, ಜಿಗೀಬೇಡ, ಚೆಂಡು ಬಿಸಾಡಬೇಡ, ಅಪ್ಪ ಮಲಗಿದಾನೆ.

ಮನೆಯಲ್ಲಿ ಮಾಡಲಾಗದ್ದನ್ನೆಲ್ಲ ಗುಬ್ಬಿ ಶಾಲೆಯಲ್ಲಿ ಮಾಡಿದಳು. ಅವಳನ್ನು ಅಲ್ಲಿ ಹುಡುಗರು ಬನ್ನು ಎಂದು ಕರೆಯುತ್ತಿದ್ದರು. ಹಾಗೆ ಕರೆದವರಿಗೆಲ್ಲ ಒದೆ ಬೀಳುತ್ತಿತ್ತು. ಎರಡು ಜಡೆಯ ಹುಡುಗಿಯೊಬ್ಬಳ ತುಟಿ ಒಡೆದ ದಿನ ಶಾಲೆಯಿಂದ ಆಸ್ಪತ್ರೆಗೆ ಫೋನ್ ಬಂತು. ಸೊಸೆ ಮೇಲ್ವಿಚಾರಕನ ಹತ್ತಿರ ಬೈಸಿಕೊಂಡು, ಒದ್ದೆ ಏಪ್ರನ್ ಬಿಚ್ಚಿ, ಮೈಯೆಲ್ಲ ಉರಿಯುತ್ತ ಶಾಲೆಗೆ ಹೋದಳು.

"ಆಟದ ಪೀರಿಯಡ್ಡಲ್ಲಿ ಮೂಲೆ ಹಿಡಿದು ಕೂತಿರ್ತಾಳೆ, ಓಡು ಅಂದ್ರೆ ಓಡಲ್ಲ. ಆಮೇಲೆ ಕ್ಲಾಸಲ್ಲಿ ಕೈ ಮಾಡ್ತಾಳೆ," ಎಂದರು ಹೆಡ್ ಮಿಸ್. "ಈ ತಿಂಗಳಿಂದ ವಾರಕ್ಕೆರಡು ದಿನ ಡ್ಯಾನ್ಸ್ ಇಟ್ಟಿದೀವಿ. ಅದಕ್ಕೆ ಹಾಕ್ತೀನಿ, ನೋಡೋಣ."

"ನಾನು ಹೊಡೆದಾಟದ ವಿಷಯ ಮಾತಾಡೋಕೆ ಬಂದಿದೀನಿ ಮೇಡಂ. ನೀವು ಕುಣಿಯೋ ವಿಷಯ ಹೇಳ್ತಿದೀರಿ."

"ಎರಡೂ ಒಂದೇ ವಿಷಯ ಕಣಮ್ಮ," ಎಂದಿತು ಬಾಗಿಲಿನಿಂದ ಒಂದು ದನಿ. ಬರಿಗಾಲಲ್ಲಿ, ಮೊಣಕಾಲು ಸವೆದ ಪ್ಯಾಂಟಿನಲ್ಲಿ ನಿಂತಿದ್ದ ತೆಳ್ಳಗಿನ ಹೆಂಗಸು. ಅವರೇ ಡ್ಯಾನ್ಸ್ ಟೀಚರ್. ಮಕ್ಕಳು ಅವರನ್ನು ಬರಿಗಾಲು ಮಿಸ್ ಎನ್ನುತ್ತಿದ್ದರು.

"ನನ್ನ ಮಗಳಿಗೆ ಹೆಜ್ಜೆ ಹಾಕೋಕೆ ಬರಲ್ಲ. ಮೆಟ್ಟಿಲು ಹತ್ತೋಕೇ ಆಗಲ್ಲ."

"ನಾನು ಹೆಜ್ಜೆ ಕಲಿಸೋದೇ ಇಲ್ಲ. ಗಾಳಿಯಾಗಿ ಅಂತೀನಿ, ಆಗ್ತಾರೆ. ಕುದಿಯೋ ನೀರಾಗಿ ಅಂತೀನಿ, ಅವರವರಿಗೆ ತೋಚಿದ ಹಾಗೆ ಕುದೀತಾರೆ. ತಪ್ಪು ಮಾಡೋಕೆ ಅಲ್ಲಿ ಜಾಗವೇ ಇಲ್ಲ."

ಸೊಸೆಗೆ ಇದೆಲ್ಲ ಹೊಟ್ಟೆ ತುಂಬಿದವರ ಮಾತು ಅನ್ನಿಸಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಮಗಳಿಗೆ ಬೈದಳು. ಮೆಟ್ಟಿಲ ಬುಡಕ್ಕೆ ಬಂದಾಗ ಬೈಗುಳ ಪಿಸುಮಾತಿಗೆ ಇಳಿಯಿತು, ಅಷ್ಟೇ.

ಸಂಜೆ ಗಂಡ ಎದ್ದು ಊಟಕ್ಕೆ ಕೂತಾಗ ವಿಷಯ ತಟ್ಟೆಗೆ ಬಿತ್ತು.

"ಕುಣಿಯೋದು ಕಲಿಸೋಕೆ ಶಾಲೆ ಬೇಕಾ? ಲೆಕ್ಕ ಬರಲ್ಲ ಇದಕ್ಕೆ," ಎಂದಳು ಅತ್ತೆ, ಮಗನ ತಟ್ಟೆಗೆ ಅನ್ನ ಬಡಿಸುತ್ತ.

"ನೀವು ಹೇಳಿಕೊಟ್ರೆ ಬರ್ತಿತ್ತು," ಎಂದಳು ಸೊಸೆ. "ಇಡೀ ಮಧ್ಯಾಹ್ನ ನಿಮ್ಮ ಹತ್ರಾನೇ ಇರ್ತಾಳಲ್ಲ."

"ಬಾಯಿ ಬಿಟ್ಟು ಹೇಳಿಕೊಡೋಕೆ ಆಗುತ್ತಾ ಈ ಮನೇಲಿ?"

ಗಂಡ ಬೇಳೆ ಕಲಸುತ್ತ ತಲೆ ಎತ್ತದೆ ಹೇಳಿದ. "ಹೋಗ್ಲಿ ಬಿಡಿ. ಶಾಲೇಲಿ ಕುಣಿದು ಸುಸ್ತಾಗಿ ಬಂದ್ರೆ ಮನೇಲಿ ಸುಮ್ನಿರ್ತಾಳೆ."

ಮೂವರಲ್ಲಿ ಯಾರೂ ಗುಬ್ಬಿಯನ್ನು ಕೇಳಲಿಲ್ಲ. ಅವಳು ಕೇಳಿಸಿಕೊಂಡಂತೆಯೂ ಇರಲಿಲ್ಲ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಗುಬ್ಬಿ ಗೋಡೆಗೆ ಅಂಟಿ ನಿಂತಿದ್ದಳಂತೆ. ಆಮೇಲೊಂದು ದಿನ ಬರಿಗಾಲು ಮಿಸ್ ಎಲ್ಲರಿಗೂ ನಿಮ್ಮ ಮನೆಯಲ್ಲಿ ಯಾರಾದರೂ ಮಾಡುವ ಕೆಲಸವಾಗಿ ಎಂದರಂತೆ. ಗುಬ್ಬಿ ಹಿಟ್ಟಾದಳು. ನೆಲದ ಮೇಲೆ ಬಿದ್ದು ಹಿಗ್ಗಿದಳು, ಮಡಚಿಕೊಂಡಳು, ಮತ್ತೆ ಯಾರೋ ಎತ್ತಿ ಬಡಿದಂತೆ ಬಿದ್ದಳು, ಕೊನೆಗೆ ಉಬ್ಬುತ್ತ ಉಬ್ಬುತ್ತ ಎದ್ದು ನಿಂತಳು. ಉಳಿದ ಮಕ್ಕಳು ನಗಲಿಲ್ಲವಂತೆ, ನಮಗೂ ಹೇಳಿಕೊಡು ಎಂದರಂತೆ. ಈ ಸುದ್ದಿಯನ್ನು ಗುಬ್ಬಿ ತಾಯಿಗೆ ಹೇಳಿದ್ದು ಬಾಯಲ್ಲಲ್ಲ. ಕೆಳಗಿನ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಸಿಮೆಂಟು ನೆಲದ ಮೇಲೆ ಉರುಳಾಡಿ ತೋರಿಸಿದಳು. ಅಂಗಿಯೆಲ್ಲ ಮಣ್ಣಾಯಿತು. ಒಗೆಯುವವಳು ತಾನೇ ಆದರೂ ಆ ಸಲ ಸೊಸೆಗೆ ಮಗಳನ್ನು ಬೈಯಬೇಕೆನ್ನಿಸಲಿಲ್ಲ.

ಅಲ್ಲಿಂದ ಮುಂದೆ ಬದಲಾವಣೆ ಕಣ್ಣಿಗೆ ಕಾಣುವಷ್ಟಾಯಿತು. ಓಟದ ಪಂದ್ಯವಾದರೆ ಒಬ್ಬರು ಕೊನೆಗೆ ಬರಲೇಬೇಕು, ಆ ಒಬ್ಬರು ಯಾವಾಗಲೂ ಗುಬ್ಬಿಯೇ. ಇಲ್ಲಿ ಮೊದಲು ಕೊನೆ ಎರಡೂ ಇಲ್ಲದ್ದರಿಂದ ಗಂಟೆ ಬಾರಿಸುವವರೆಗೆ ಬೆವರು ಸುರಿಸಿ ಕುಣಿಯುತ್ತಿದ್ದಳು. ಮೆಟ್ಟಿಲಲ್ಲಿ ಕೂರುವುದು ನಿಂತಿತು. ಕೈಯಲ್ಲಿ ಚೀಲ ಹಿಡಿದ ತಾಯಿಗಿಂತ ಮೊದಲೇ ಮೇಲೆ ತಲುಪಿ ಮೆಟ್ಟಿಲ ಕಟಕಟೆಯಿಂದ ಕೆಳಗೆ ಇಣುಕತೊಡಗಿದಳು. ರಾತ್ರಿ ಹಾಸಿಗೆಗೆ ಬಿದ್ದರೆ ಬೆಳಗಿನವರೆಗೆ ಹೊರಳುತ್ತಿರಲಿಲ್ಲ. ಶಾಲೆಯಿಂದ ದೂರು ಬರಲಿಲ್ಲ. ತುಟಿ ಒಡೆಸಿಕೊಂಡಿದ್ದ ಎರಡು ಜಡೆಯವಳೇ ಈಗ ಅವಳ ಜೋಡಿಯಂತೆ, ಒಬ್ಬಳು ಅಲೆಯಾದರೆ ಇನ್ನೊಬ್ಬಳು ದೋಣಿಯಂತೆ.

ಸೊಸೆಗೆ ರಜವಿದ್ದ ಒಂದು ಮಧ್ಯಾಹ್ನ ಅತ್ತೆ ಎಂದಿನಂತೆ ಬನ್ನು ಹಿಡಿದು ಬಂದಳು.

"ತಗೋ. ತಿಂದ್ಕೊಂಡು ಒಂದು ಕಡೆ ಕೂತ್ಕೋ."

"ಬೇಡ ಅಜ್ಜಿ. ಮೊಟ್ಟೆ ಬೇಕು."

"ಈಗೆಲ್ಲಿ ಒಲೆ ಹಚ್ಚಲಿ? ಪಾತ್ರೆ ಸದ್ದಾಗುತ್ತೆ. ತಿನ್ನು ಅಂದ್ರೆ ತಿನ್ನು." ಅಜ್ಜಿ ಬನ್ನನ್ನು ಮಗುವಿನ ತುಟಿಗೆ ಒತ್ತಿದಳು.

ಗುಬ್ಬಿಯ ಕೈ ಮೇಲೆದ್ದಿತು. ಅಜ್ಜಿಯ ಕೆನ್ನೆಗೆ ಬೀಸಿ ಬಂದದ್ದು ನಡುದಾರಿಯಲ್ಲೇ ನಿಂತುಬಿಟ್ಟಿತು. ಗಾಳಿಯಲ್ಲಿ ಹಾಗೇ ನಿಂತ ಕೈಯನ್ನು ಮಗು ತಾನೇ ಬೇರೆಯವರದೆಂಬಂತೆ ನೋಡಿ, ನಿಧಾನವಾಗಿ ಕೆಳಗಿಳಿಸಿ ಮೂಲೆಗೆ ಹೋಗಿ ಕೂತಿತು.

"ನೋಡಿದ್ಯಾ, ನನ್ನ ಮೇಲೆ ಕೈ ಎತ್ತಿದ್ಲು," ಎಂದು ಪಿಸುಗುಟ್ಟಿದಳು ಅತ್ತೆ.

"ನೋಡ್ದೆ. ಕೈ ನಿಲ್ಲಿಸಿದ್ಲು."

"ಎತ್ತಿದ್ದು ಕಾಣ್ಲಿಲ್ವಾ ನಿಂಗೆ?"

"ಎತ್ತೋದು ಮೊದಲಿಂದಲೂ ಇತ್ತು ಅತ್ತೆ. ನಿಲ್ಲಿಸೋದು ಹೊಸದು. ಅವರ ಕ್ಲಾಸಲ್ಲಿ ಅದೇ ಆಟವಂತೆ. ಜೋರಾಗಿ ಬೀಸೋದು, ಮಿಸ್ಸು ಚಪ್ಪಾಳೆ ತಟ್ಟಿದ ತಕ್ಷಣ ಇದ್ದಲ್ಲೇ ನಿಲ್ಲೋದು. ಇಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಆದ್ರೂ ನಿಲ್ಲಿಸಿದ್ಲು."

"ಚೆನ್ನಾಗಿದೆ. ಇನ್ನು ಕಪಾಳಕ್ಕೆ ಬಾರಿಸಿದ್ರೂ ಅದು ಡ್ಯಾನ್ಸು ಅಂತೀಯ."

ಇಷ್ಟೂ ಜಗಳ ಮುಚ್ಚಿದ ಬಾಗಿಲ ಮುಂದೆ ಉಸಿರಲ್ಲೇ ನಡೆಯಿತು. ಪಿಸುಗುಟ್ಟಿ ಜಗಳವಾಡುವ ಕಷ್ಟ ಆಡಿದವರಿಗೇ ಗೊತ್ತು. ಸಿಟ್ಟು ಹೊರಗೆ ಹೋಗಲು ದಾರಿ ಸಿಗದೆ ಹೊಟ್ಟೆಯಲ್ಲೇ ಹುಳಿಯುತ್ತದೆ. ಸೊಸೆ ಒಲೆ ಹಚ್ಚಿ, ಬೇಕೆಂದೇ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟು, ಮೊಟ್ಟೆ ಬೇಯಿಸಿದಳು.

ಆದರೆ ಒಂದು ತೊಂದರೆಯೂ ಆಯಿತು, ಅದನ್ನು ಮುಚ್ಚಿಡಬಾರದು. ಗುಬ್ಬಿಯ ಕಾಲು ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ತುದಿಗಾಲಲ್ಲಿ ಹೊರಟವಳು ಮೂರು ಹೆಜ್ಜೆಗೆ ಮರೆತು ನೆಲ ಗುದ್ದುತ್ತಿದ್ದಳು. ನೀರು ತರಲು ಹೋದವಳು ಅಡುಗೆಮನೆಯಲ್ಲಿ ಗಿರಗಿರನೆ ತಿರುಗಿ ಲೋಟ ಬೀಳಿಸುತ್ತಿದ್ದಳು. ಅತ್ತೆ ಶ್ ಎಂದು ಹಿಂದೆ ಓಡುವಷ್ಟರಲ್ಲಿ ಕೋಣೆಯೊಳಗಿಂದ ನರಳಾಟ ಕೇಳಿಸುತ್ತಿತ್ತು. ಗಂಡನ ಕಣ್ಣು ಕೆಂಪಾದವು, ಮಾತು ಮೊಟಕಾಯಿತು. ಒಂದು ಬೆಳಿಗ್ಗೆ ಅವನು ಬಲಗೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದ. ತೂಕಡಿಕೆಯಲ್ಲಿ ಕೈಗವಸು ಹಾಕಿಕೊಳ್ಳುವುದು ಮರೆತು ಕಾದ ತಟ್ಟೆ ಹಿಡಿದಿದ್ದ.

ಅತ್ತೆ ಆ ಕೈ ನೋಡಿ ತಲೆ ತಲೆ ಚಚ್ಚಿಕೊಂಡಳು. "ಮಗಳು ಕುಣಿದ್ಲು, ಅಪ್ಪನ ಕೈ ಸುಟ್ಟಿತು. ಖುಷಿಯಾಯ್ತೇನಮ್ಮ?"

"ನನ್ನನ್ನ ಯಾಕೆ ಕೇಳ್ತೀರಿ? ಹಗಲು ಪಾಳಿ ಕೇಳಿ ಅಂತ ಇವರಿಗೆ ಎಷ್ಟು ವರ್ಷದಿಂದ ಹೇಳ್ತಿದೀನಿ."

"ಕೇಳಿದೀನಿ ಕಣೇ," ಎಂದ ಗಂಡ. "ಹಗಲು ಪಾಳಿಗೆ ಸಾಲುಗಟ್ಟಿ ಜನ ನಿಂತಿದಾರೆ. ನಾನು ಒಂದು ಮಾತು ಹೇಳ್ತೀನಿ, ಇಬ್ಬರೂ ಕೇಳಿ. ನಂಗೆ ನಿದ್ದೆ ಬೇಕು. ಏನು ಮಾಡ್ತೀರೋ ಮಾಡಿ." ಎಡಗೈಯಲ್ಲಿ ಬಾಗಿಲು ಎಳೆದುಕೊಂಡ.

ಸೊಸೆಗೆ ಅವನ ಮೇಲೆ ಕನಿಕರವೂ ಬಂತು, ಕೋಪವೂ ಬಂತು. ಎಲ್ಲವನ್ನೂ ಇಬ್ಬರು ಹೆಂಗಸರ ತಲೆಗೆ ಕಟ್ಟಿ ಬಾಗಿಲು ಹಾಕಿಕೊಳ್ಳುವುದು ಎಷ್ಟು ಸುಲಭ. ಶಾಲೆ ಬಿಟ್ಟ ಮೇಲೆ ಗುಬ್ಬಿಯನ್ನು ಒಂದಿಷ್ಟು ಹೊತ್ತು ಅಲ್ಲೇ ಇರಿಸಿಕೊಳ್ಳುತ್ತಾರಾ ಎಂದು ಬರಿಗಾಲು ಮಿಸ್ಸನ್ನು ಕೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಒಂದು ಯಂತ್ರ ಕೆಟ್ಟು, ಉಳಿದವರ ಮೇಲೆ ಕೆಲಸ ಬಿದ್ದು, ಕೇಳುವುದು ಮುಂದಕ್ಕೆ ಹೋಯಿತು.

ಕೇಳುವ ಅಗತ್ಯವೂ ಬೀಳಲಿಲ್ಲ. ಅದೇ ವಾರ ಮನೆ ತಾನಾಗಿ ತಣ್ಣಗಾಯಿತು. ಗುಬ್ಬಿ ನೆಲ ಗುದ್ದುವುದು ಬಿಟ್ಟಳು. ಹೇಳದಿದ್ದರೂ ಮೆಲ್ಲಗೆ ನಡೆದಳು, ಮೆಲ್ಲಗೆ ಕೂತಳು, ಕೊಟ್ಟ ಬನ್ನು ತಿಂದಳು. ಮೆಟ್ಟಿಲು ಹತ್ತುವಾಗ ಒಂದೊಂದಕ್ಕೂ ನಿಂತು ಎದೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದಳು. ಇದೂ ಕ್ಲಾಸಿನ ಏನೋ ಹೊಸ ಆಟವಿರಬೇಕೆಂದು ತಾಯಿ ಅಂದುಕೊಂಡಳು. ಅತ್ತೆಯ ಮುಖದಲ್ಲಿ ನೆಮ್ಮದಿ ಕಾಣಿಸುತ್ತಿತ್ತು. ಗಂಡ ಚೆನ್ನಾಗಿ ಮಲಗಿದ, ಊಟಕ್ಕೆ ಕೂತಾಗ ಒಂದೆರಡು ತಮಾಷೆಯನ್ನೂ ಮಾಡಿದ. ಮನೆ ನೆಟ್ಟಗಾಯಿತಲ್ಲ ಎಂದು ಸೊಸೆಯೂ ಆ ದಿನಗಳಲ್ಲಿ ಹೆಚ್ಚು ಕೇಳಲಿಕ್ಕೆ ಹೋಗಲಿಲ್ಲ.

ಮತ್ತೆ ಶಾಲೆಯಿಂದ ಫೋನ್ ಬಂದಾಗ ಅವಳು ಉರುಳೆಗೆ ಬಟ್ಟೆ ಕೊಡುತ್ತಿದ್ದಳು. ಗುಬ್ಬಿ ಎರಡು ಜಡೆಯವಳ ಕೈಯನ್ನು ರಕ್ತ ಬರುವಂತೆ ಕಚ್ಚಿದ್ದಳು.

ಹೆಡ್ ಮಿಸ್ ಕೋಣೆಯಲ್ಲಿ ಬರಿಗಾಲು ಮಿಸ್ಸೂ ಇದ್ದರು. ಅವರ ಮುಖವೂ ಬಿಗಿದುಕೊಂಡಿತ್ತು.

"ನಿಮ್ಮ ಡ್ಯಾನ್ಸು ಮಾಡಿದ್ದು ಇದೇನಾ? ಒದೆಯೋದು ಬಿಟ್ಟು ಕಚ್ಚೋದು ಕಲಿತ್ಲು," ಎಂದಳು ಸೊಸೆ.

"ಎಲ್ಲಮ್ಮ ಡ್ಯಾನ್ಸು? ಮೂರು ವಾರದಿಂದ ಅವಳು ಬೆಂಚಿನ ಮೇಲೆ ಕೂತು ಬೇರೆಯವರು ಕುಣಿಯೋದು ನೋಡ್ತಿದಾಳೆ. ನೀವೇ ತಾನೇ ಬೇಡ ಅಂತ ಹೇಳಿ ಕಳಿಸಿದ್ದು?"

"ನಾನೆಲ್ಲಿ ಕಳಿಸಿದೆ?"

"ನಿಮ್ಮತ್ತೆಯವರು ಬಂದಿದ್ರು," ಎಂದರು ಹೆಡ್ ಮಿಸ್. "ಮಗುವಿಗೆ ಹೃದಯ ಸರಿಯಿಲ್ಲ, ಕುಣಿಸಿದ್ರೆ ಜೀವಕ್ಕೆ ಅಪಾಯ ಅಂತ ಡಾಕ್ಟರು ಹೇಳಿದಾರೆ ಅಂದ್ರು. ಇಂಥ ಮಾತು ಕೇಳಿದ ಮೇಲೆ ನಾವು ಕುಣಿಸೋದು ಹೇಗಮ್ಮ? ಇವತ್ತು ಆ ಹುಡುಗಿ ಬಾರೇ ಅಂತ ಕೈ ಹಿಡಿದು ಎಳೆದಳಂತೆ. ಬರಲ್ಲ ಬರಲ್ಲ ಅಂತ ಕೂಗಾಡಿ ಕಚ್ಚಿಬಿಟ್ಟಿದಾಳೆ."

ಸೊಸೆಗೆ ಗೊತ್ತಿತ್ತು, ಮಗಳ ಹೃದಯಕ್ಕೆ ಯಾವ ರೋಗವೂ ಇರಲಿಲ್ಲ. ವರ್ಷದ ಹಿಂದೆ ಜ್ವರ ಬಂದಾಗ ಆಸ್ಪತ್ರೆಯಲ್ಲೇ ತೋರಿಸಿದ್ದಳು, ಎದೆ ಕುದುರೆಯ ಹಾಗಿದೆ ಎಂದು ಡಾಕ್ಟರು ಅವಳೆದುರೇ ನಕ್ಕಿದ್ದರು. ಮಗನ ನಿದ್ದೆ ಕೆಡಬಾರದೆಂದು ಮುದುಕಿ ಶಾಲೆಯವರೆಗೆ ನಡೆದು ಬಂದು ಸುಳ್ಳು ಹೇಳಿದ್ದು ಅರ್ಥವಾದಾಗ ಅವಳ ಕಿವಿಯವರೆಗೆ ಬಿಸಿ ಏರಿತು. ಆದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು, ಅದು ದಾರಿಯಲ್ಲಿ ತಿಳಿಯಿತು.

ನೆತ್ತಿ ಸುಡುವ ಬಿಸಿಲು. ಅವಳು ಬೇಗ ಬೇಗ ನಡೆಯುತ್ತಿದ್ದಳು, ಗುಬ್ಬಿ ಹಿಂದೆ ಬಿದ್ದಳು.

"ಕಾಲು ಎತ್ತಿ ಹಾಕೇ. ಎದೆ ಮೇಲಿಂದ ಕೈ ತೆಗಿ ಮೊದಲು."

"ಬೇಗ ನಡೆದ್ರೆ ನಿಂತೋಗುತ್ತೆ."

"ಏನು ನಿಂತೋಗುತ್ತೆ?"

"ಹೃದಯ. ಅಜ್ಜಿ ಹೇಳಿದಾರೆ. ನಂದು ತೆಳ್ಳಗಿದೆಯಂತೆ, ಜಿಗಿದ್ರೆ ಒಡೆದೋಗುತ್ತಂತೆ."

ತಾಯಿ ನಡುರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತಳು. "ನಿನ್ನ ಹೃದಯ ಚೆನ್ನಾಗಿದೆ ಗುಬ್ಬಿ. ಅಜ್ಜಿ ಹೇಳಿದ್ದು ಸುಳ್ಳು."

ಗುಬ್ಬಿ ಅವಳನ್ನು ಸಣ್ಣವರನ್ನು ನೋಡುವಂತೆ ನೋಡಿದಳು. "ಅಮ್ಮ ಹೀಗೇ ಹೇಳ್ತಾಳೆ ಅಂತಾನೂ ಅಜ್ಜಿ ಹೇಳಿದಾರೆ. ನಾನು ಹೆದರಬಾರ್ದು ಅಂತ."

"ನಡಿ, ಡಾಕ್ಟರ ಹತ್ರ ಹೋಗೋಣ."

"ಡಾಕ್ಟರು ಮಕ್ಕಳಿಗೆ ನಿಜ ಹೇಳಲ್ಲ." ನಾಲ್ಕು ಹೆಜ್ಜೆ ನಡೆದು ಕೇಳಿದಳು. "ಅಮ್ಮಾ, ನಾನು ಹಗಲು ಹೊತ್ತು ಸತ್ರೆ ಅಪ್ಪನ್ನ ಎಬ್ಬಿಸ್ತೀರಾ, ಇಲ್ಲ ಸಂಜೆ ಹೇಳ್ತೀರಾ?"

ಆ ಮೂರು ವಾರ ಮನೆ ತಣ್ಣಗಿದ್ದದ್ದು ಯಾಕೆಂದು ಆಗ ಅವಳಿಗೆ ಗೊತ್ತಾಯಿತು. ಒಂಬತ್ತು ವರ್ಷದ ಕೂಸು ಸಾಯುವ ಭಯದಲ್ಲಿ ಮೆಲ್ಲಗೆ ಉಸಿರಾಡುತ್ತ ಕೂತಿತ್ತು, ದೊಡ್ಡವರೆಲ್ಲ ಅದನ್ನು ನೆಮ್ಮದಿ ಎಂದು ಉಂಡು ಮಲಗಿದ್ದರು. ತಾನೂ ಸೇರಿದಂತೆ. ಅವಳು ಮಗಳನ್ನು ಎತ್ತಿಕೊಳ್ಳಲು ಹೋದಳು, ಆ ಭಾರ ಎತ್ತಲಾಗದೆ ಕೈ ಹಿಡಿದು ನಡೆಸಿದಳು. ಮೆಟ್ಟಿಲಲ್ಲಿ ಗುಬ್ಬಿ ಪ್ರತಿ ಸಲ ನಿಂತಾಗಲೂ ತಾನೂ ನಿಂತಳು, ಪ್ರತಿ ಸಲವೂ ಸಿಟ್ಟು ಒಂದು ಮೆಟ್ಟಿಲು ಮೇಲೇರಿತು.

ಅತ್ತೆ ಸ್ಟೂಲಿನ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಇಬ್ಬರನ್ನೂ ನೋಡಿ ಬೆರಳು ತುಟಿಗೆ ಹೋಯಿತು.

"ಆ ಬೆರಳು ಕೆಳಗಿಳಿಸಿ," ಎಂದಳು ಸೊಸೆ. ಅದು ಮನೆಯ ದನಿಯಲ್ಲ, ಯಂತ್ರಗಳ ನಡುವಿನ ದನಿ. ಕಂಬಳಿ ಕಟ್ಟಿದ ಕಿಟಕಿಯೂ ಅದುರಿರಬೇಕು.

"ಮೆಲ್ಲಗೆ. ಅವನು ಈಗಷ್ಟೇ—"

"ಏಳ್ಲಿ. ಅವರೂ ಕೇಳ್ಲಿ. ಹೆತ್ತ ಮಗಂಗೆ ನಿದ್ದೆ ಬರ್ಲಿ ಅಂತ ಮೊಮ್ಮಗಳಿಗೆ ಸಾವು ಹೇಳಿಕೊಟ್ರಲ್ಲ, ನಿಮಗೆ ನಾಲಿಗೆ ಹೇಗೆ ಬಂತು ಅತ್ತೆ?"

"ಸಾವು ಅಂತ ಎಲ್ಲಿ ಅಂದೆ? ಸುಮ್ನಿರ್ಲಿ ಅಂತ ಒಂದು ಮಾತು ಹೇಳ್ದೆ. ಗುಮ್ಮ ಬಂತು ಅಂತ ಹೇಳಲ್ವಾ ಮಕ್ಕಳಿಗೆ?"

"ಗುಮ್ಮ ಬಾಗಿಲ ಹೊರಗಿರುತ್ತೆ. ನೀವು ಅದನ್ನ ತಗೊಂಡು ಹೋಗಿ ಅವಳ ಎದೆಯೊಳಗೆ ಕೂರಿಸಿದೀರಿ."

ಬಾಗಿಲು ತೆರೆಯಿತು. ಗಂಡ ಬನಿಯನ್ನಿನಲ್ಲಿ, ಕಣ್ಣು ಬಿಡಲಾಗದೆ ನಿಂತಿದ್ದ. "ಯಾರು ಸತ್ರು ಅಂತ ಹೀಗೆ ಕಿರುಚ್ತಿದೀಯ?"

"ಯಾರೂ ಸತ್ತಿಲ್ಲ," ಎಂದಳು ಗುಬ್ಬಿ ತಾಯಿಗಿಂತ ಮೊದಲು. "ನಾನು ಇನ್ನೂ ಇದೀನಿ ಅಪ್ಪ. ನೀನು ಮಲಕ್ಕೋ."

ಅವನ ನಿದ್ದೆ ಅಲ್ಲಿಗೆ ಹಾರಿತು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು, ಒಂದು ಮಾತನ್ನೂ ತಗ್ಗಿಸದೆ ಹೇಳಿದಳು. ಅವನು ತಾಯಿಯ ಕಡೆ ತಿರುಗಿದ. "ಹೌದೇನಮ್ಮ?"

"ನಿನ್ನ ಕೈ ನೋಡಿಕೋ ಮೊದಲು," ಎಂದಳು ಅತ್ತೆ. ಮಡಿಲಿನಿಂದ ಬೀನ್ಸ್ ಉದುರಿದವು. "ಇವತ್ತು ಕೈ, ನಾಳೆ ನೀನೇ ಒಲೆಗೆ ಬಿದ್ರೆ ಇವರಿಬ್ಬರಿಗೆ ಅನ್ನ ಹಾಕೋರು ಯಾರು? ನಿದ್ದೆ ಬೇಕು, ಏನಾದ್ರೂ ಮಾಡಿ ಅಂದಿದ್ದು ನೀನೇ. ನಾನು ಮಾಡಿದೆ."

ಅವನು ತಾಯಿಗೆ ಬೆನ್ನು ತಿರುಗಿಸಿದ. ಮಗಳ ಮುಂದೆ ಮಂಡಿಯೂರಿ, "ನಿಂಗೇನೂ ಆಗಿಲ್ಲ ಪುಟ್ಟ, ಜಿಗಿ ನೋಡೋಣ," ಎಂದ. ಗುಬ್ಬಿ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಗೋಡೆಗೆ ಸರಿದಳು.

"ಅವಳು ನಮ್ಮ ಮಾತು ನಂಬಲ್ಲ," ಎಂದಳು ಸೊಸೆ. "ಹೇಳಿದವರೇ ಹೇಳ್ಬೇಕು. ಹೇಳಿ ಅತ್ತೆ."

ಅತ್ತೆ ಮೊಮ್ಮಗಳನ್ನು ನೋಡಿದಳು. ಸೊಸೆಯ ಮುಂದೆ ತಪ್ಪೊಪ್ಪುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಕೊನೆಗೆ ನೆಲ ನೋಡುತ್ತ, "ಅಜ್ಜಿ ಸುಮ್ನೆ ಹೇಳಿದ್ದು ಕಂದ. ನಿನ್ನ ಹೃದಯ ಗಟ್ಟಿಗಿದೆ," ಎಂದಳು.

ಗುಬ್ಬಿ ಯೋಚಿಸಿದಳು. ದೊಡ್ಡವರ ಮುಖ ಒಂದೊಂದಾಗಿ ನೋಡಿದಳು. "ಅವತ್ತು ನಿಜ ಹೇಳ್ದೆಯೋ, ಇವತ್ತೋ?"

"ಇವತ್ತು."

"ನಂಗೆ ಹೇಗೆ ಗೊತ್ತಾಗ್ಬೇಕು?"

ಗುಬ್ಬಿಯೇ ದಾರಿ ಹುಡುಕಿದಳು. "ನಿನ್ನ ಹೃದಯ ನಂದಕ್ಕಿಂತ ಹಳೇದು ಅಲ್ವಾ ಅಜ್ಜಿ? ನೀನು ಜಿಗಿ. ನಿಂಗೆ ಏನೂ ಆಗ್ಲಿಲ್ಲ ಅಂದ್ರೆ ನಂಗೂ ಆಗಲ್ಲ."

"ನನ್ನ ಮೊಣಕಾಲು ಕಂದ—"

"ಜಿಗೀರಿ," ಎಂದಳು ಸೊಸೆ.

"ಲೇ, ವಯಸ್ಸಾದವಳು," ಎಂದ ಗಂಡ.

"ನೀವು ಮಧ್ಯೆ ಬರಬೇಡಿ. ಇಷ್ಟು ದಿನ ಬಂದಿಲ್ಲ, ಈಗಲೂ ಬೇಡ."

ಅತ್ತೆ ಸ್ಟೂಲು ಹಿಡಿದು ಎದ್ದಳು. ವರ್ಷಗಟ್ಟಲೆ ತುದಿಗಾಲಲ್ಲಿ ನಡೆದ ಕಾಲುಗಳಿಗೆ ಜಿಗಿಯುವುದು ಎಲ್ಲಿಂದ ಶುರು ಎಂದೇ ತಿಳಿಯಲಿಲ್ಲ. ಕೈ ಬೀಸಿ, ಮೈ ಕುಗ್ಗಿಸಿ, ನೆಲದಿಂದ ಎರಡು ಬೆರಳು ಎದ್ದು ಧೊಪ್ಪನೆ ಇಳಿದಳು. ಕೆಳಗಿನ ಮನೆಯವರು ಚಾವಣಿಗೆ ಯಾವುದೋ ಕೋಲಿನಿಂದ ಕುಟ್ಟಿದರು.

"ಇನ್ನೊಂದ್ಸಲ," ಎಂದಳು ಗುಬ್ಬಿ.

ಅತ್ತೆ ಮತ್ತೆ ಜಿಗಿದಳು. ಉಬ್ಬಸದಲ್ಲಿ ಸಿಳ್ಳೆಯಂಥ ಸದ್ದು ಬಂತು.

"ಇನ್ನೂ ಜೋರಾಗಿ."

ತಾಯಿ ಮತ್ತು ಹೆಂಡತಿಯ ನಡುವೆ ನಿಂತ ಗಂಡ ಹೆಂಡತಿಯ ಮುಖ ನೋಡಿದ. ಸಾಕು ಎಂದು ಅವಳೊಬ್ಬಳು ಹೇಳಿದರೆ ಮುಗಿಯುತ್ತಿತ್ತು. ಮುದುಕಿಯ ಹಣೆಯಲ್ಲಿ ಬೆವರು, ತುಟಿ ಬಿಳಿಚಿದ್ದು, ಎಲ್ಲ ಅವಳಿಗೆ ಕಾಣುತ್ತಿತ್ತು. ಅವಳು ಹೇಳಲಿಲ್ಲ. ಮೂರನೆಯ ಸಲ ಜಿಗಿದು ಇಳಿಯುವಾಗ ಮೊಣಕಾಲು ಮಡಚಿಹೋಗಿ ಅತ್ತೆ ನೆಲದ ಮೇಲೆ, ಉದುರಿದ ಬೀನ್ಸಿನ ನಡುವೆ ಕೂತುಬಿಟ್ಟಳು.

ಗುಬ್ಬಿ ಹತ್ತಿರ ಹೋಗಿ ಅಜ್ಜಿಯ ಎದೆಗೆ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿದಳು.

"ಓಡ್ತಾ ಇದೆ," ಎಂದಳು. ಆಮೇಲೆ ಎದ್ದು, ಗೋಡೆಯಿಂದ ದೂರ ಬಂದು, ಕಣ್ಣು ಬಿಗಿಯಾಗಿ ಮುಚ್ಚಿ ಸಣ್ಣಗೆ ಒಮ್ಮೆ ಜಿಗಿದಳು. ಕಣ್ಣು ಬಿಟ್ಟು ಕಾದಳು. ಮತ್ತೊಮ್ಮೆ ಜಿಗಿದಳು. ಎದೆಯ ಮೇಲಿನ ಕೈ ಇನ್ನೂ ಅಲ್ಲೇ ಇತ್ತು, ಆದರೆ ಈಗ ಒಂದೇ ಕೈ.

ಅತ್ತೆ ನೆಲಕ್ಕೆ ಅಂಗೈ ಊರಿ ಏಳಲು ನೋಡಿದಳು, ಆಗಲಿಲ್ಲ. ಹತ್ತಿರವಿದ್ದ ಸೊಸೆಯ ಕಡೆ ಕೈ ಚಾಚಿದಳು. "ಒಂದು ಕೈ ಕೊಡಮ್ಮ."

ಸೊಸೆ ಆ ಕೈಯನ್ನು ನೋಡಿದಳು. ತನ್ನ ಮಗಳಿಗೆ ಸ್ನಾನ ಮಾಡಿಸಿದ, ತಲೆ ಬಾಚಿದ ಕೈ. ಬಾಗಬೇಕೆಂದು ಸೊಂಟಕ್ಕೆ ಅನ್ನಿಸಿತು, ಹೊಟ್ಟೆಯೊಳಗಿನ ಸಿಟ್ಟು ಬಿಡಲಿಲ್ಲ.

"ನಿಮ್ಮ ಮಗ ಎದ್ದಿದಾರಲ್ಲ ಅತ್ತೆ," ಎಂದಳು. "ಅವರನ್ನ ಕೇಳಿ."